ನನ್ನ ಕಲ್ಪನೆಯ ದೂರದರ್ಶನ

ದೂರದರ್ಶನ ಜಾಲವೊಂದನ್ನು ನನ್ನ ಕೈಗೊಪ್ಪಿಸಿದರೆ ಅದರಲ್ಲಿ ಏನನ್ನು ತೋರಿಸಲಿ? ಹಣ, ಗೋಪುರ, ಪರವಾನಗಿಗಳ ಚಿಂತೆ ಕಲ್ಪನೆಗೆ ಇಲ್ಲವಾದ್ದರಿಂದ ಈ ಪ್ರಶ್ನೆಯೊಂದೇ ಉಳಿಯುತ್ತದೆ.

ಅಂಥ ಕನಸೊಂದು ಒಂದು ವರ್ಷದ ಮಟ್ಟಿಗೆ ನನಸಾಗಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರಗಳು ನೇರವಾಗಿ ಇಳಿದುಬಂದವು. ಅಂದಿನ ಹೆಸರಿನಲ್ಲಿ ಹೇಳುವುದಾದರೆ, ನಮ್ಮ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ, ಒಂದಿಷ್ಟು ಮನರಂಜನೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರಲ್ಲಿ. ಆ ಹಳ್ಳಿಗಳು ರಾಜಧಾನಿಯನ್ನೇ ಹಿಂದೆ ಹಾಕಿದ್ದವು! ಆದರೆ ಆ ಪೆಟ್ಟಿಗೆಗಳು ಹೇಳುತ್ತಿದ್ದವೇ ಹೊರತು ಕೇಳುತ್ತಿರಲಿಲ್ಲ. ಹಳ್ಳಿಯ ಮಾತು ಮೇಲೇರುವ ದಾರಿ ಆ ಯಂತ್ರದಲ್ಲಿರಲಿಲ್ಲ.

ನನ್ನ ಜಾಲ ಅಲ್ಲಿಂದಲೇ ಆರಂಭವಾಗುತ್ತದೆ. ದಿನಕ್ಕೆ ಎರಡೇ ಗಂಟೆ ಪ್ರಸಾರ. ಮೊದಲ ಒಂದು ಗಂಟೆ ಹಳ್ಳಿಯವರು ಕೇಳತಕ್ಕದ್ದು, ಅಧಿಕಾರಿಗಳು ಉತ್ತರಿಸತಕ್ಕದ್ದು. ತೊಗರಿ ಬೆಳೆಯುವ ರೈತ ತನ್ನ ಸೀಮೆಯ ಕನ್ನಡದಲ್ಲಿಯೇ ಕೇಳಲಿ; ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದುವವರಿಗೆ ನನ್ನ ಕಚೇರಿಯಲ್ಲಿ ಹುದ್ದೆಯಿಲ್ಲ. (ಈ ನನ್ನ ಭಾಷಣವೂ ಪುಸ್ತಕದ ಕನ್ನಡದಲ್ಲಿಯೇ ಇದೆಯಲ್ಲ ಎಂದು ನೀವು ನಗಬಹುದು.) ಎರಡನೆಯ ಗಂಟೆಯಲ್ಲಿ ಮಳೆಯ ಸುದ್ದಿ, ಪೇಟೆಯ ಧಾರಣೆ, ಮಕ್ಕಳಿಗೊಂದು ಕಥೆ.

ಶನಿವಾರ ಮಾತ್ರ ಈ ನಿಯಮವನ್ನು ಮುರಿಯುತ್ತೇನೆ. ಅಂದು ದೊಡ್ಡಾಟವೋ ಯಕ್ಷಗಾನವೋ ಇರುಳು ಆರಂಭವಾಗಿ ಬೆಳಗಿನವರೆಗೆ ನಡೆಯುತ್ತದೆ. ಅದನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸುವ ಕತ್ತರಿಯನ್ನು ನಾನು ಕೊಳ್ಳುವುದಿಲ್ಲ. ಜಾಹೀರಾತುದಾರರು ಓಡಿಹೋಗುತ್ತಾರೆ. ಹೋಗಲಿ.