ಸ್ನಾಯುರೋಗವೂ ಕಣ್ಣಿನ ಕಾರ್ನಿಯಾವೂ

(ನಮ್ಮ ಕುರ್ಲಾ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ವೈದ್ಯರಲ್ಲ. ಓದಿಯೂ ಕೇಳಿಯೂ ತಿಳಿದುದನ್ನಷ್ಟೇ ತಮ್ಮ ಮುಂದಿಡುತ್ತೇವೆ.

ಕುರ್ಲಾದಲ್ಲಿ ಇಳಿಯುವಾಗ ಒಬ್ಬನ ಕೈ ಗಾಡಿಯ ಹಿಡಿಕೆಯನ್ನು ಒಡನೆ ಬಿಡದು. ಹಿಂದಿನವರು ಬೈದು ತಳ್ಳುತ್ತಾರೆ. ರೆಪ್ಪೆ ಜೋಲಿದರೆ ‘ಕುಡಿದು ಬಂದಿದ್ದಾನೆ’ ಎನ್ನುತ್ತಾರೆ. ಆದರೆ ಅದು ಮಯೋಟೋನಿಕ್ ಡಿಸ್ಟ್ರಫಿ ಎಂಬ ಸ್ನಾಯುರೋಗವಿರಬಹುದು. ಜರ್ಮನಿಯ ವೈದ್ಯ ಸ್ಟೈನರ್ಟ್ 1909ರಲ್ಲಿ ಇದನ್ನು ವಿವರಿಸಿದರು. 19ನೆಯ ವರ್ಣತಂತುವಿನಲ್ಲಿರುವ ಇದರ ಮೂಲದೋಷ 1992ರಲ್ಲಿ ಪತ್ತೆಯಾಯಿತು. ತಂದೆಗಾಗಲಿ ತಾಯಿಗಾಗಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ತಲೆಮಾರು ಇಳಿದಂತೆ ಬೇಗನೆ, ಬಲವಾಗಿ ಕಾಣಿಸಿಕೊಳ್ಳುವುದೂ ಉಂಟು.

ಇದಕ್ಕೂ ಕಣ್ಣಿಗೂ ಏನು ಸಂಬಂಧ? ಗಡಿಯಾರದ ಮೇಲಿನ ಗಾಜಿನಂತೆ ಕಣ್ಣಿನ ಮುಂಭಾಗದಲ್ಲಿರುವ ತಿಳಿಪಟಲವೇ ಕಾರ್ನಿಯಾ. ರೆಪ್ಪೆ ಮುಚ್ಚುವ ಸ್ನಾಯು ಸೋತರೆ ನಿದ್ದೆಯಲ್ಲಿಯೂ ಕಣ್ಣು ಅರೆತೆರೆದಿರುತ್ತದೆ; ಕಾರ್ನಿಯಾ ಒಣಗಿ ಹುಣ್ಣಾಗಬಹುದು. ಇನ್ನೊಂದು ತೊಂದರೆ ಒಳಗಿನದು. ಕಾರ್ನಿಯಾದ ಒಳಪದರದ ಜೀವಕೋಶಗಳು ಹಗಲಿರುಳೂ ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುತ್ತವೆ. ಸತ್ತ ಕೋಶಗಳ ಜಾಗಕ್ಕೆ ಹೊಸವು ಹುಟ್ಟುವುದಿಲ್ಲವೆನ್ನಬಹುದು. ಈ ಪದರ ಸವೆಯುವ ಫುಕ್ಸ್ ಎಂಬ ಕಾಯಿಲೆ ಈ ರೋಗಿಗಳಲ್ಲಿ ಕೆಲವರಿಗೆ ಇರುವುದು ಈಚಿನ ವರ್ಷಗಳಲ್ಲಿ ತಿಳಿದುಬಂದಿದೆ. ಬೆಳಗ್ಗೆ ಎದ್ದಾಗ ನೋಟ ಮಂಜಾಗಿದ್ದು ಹೊತ್ತೇರಿದಂತೆ ತಿಳಿಯಾಗುವುದು ಅದರ ಗುರುತು. ಚಿಕ್ಕ ವಯಸ್ಸಿಗೇ ಕಣ್ಣಿಗೆ ಪೊರೆ ಬರುವುದಂತೂ ಈ ರೋಗದಲ್ಲಿ ಬಹಳ ಸಾಮಾನ್ಯ.

ಮೂಲರೋಗವನ್ನು ನೀಗಿಸುವ ಮದ್ದು ಇನ್ನೂ ಇಲ್ಲ. ಆದರೆ ಕಣ್ಣನ್ನು ಕಾಯಬಹುದು. ವೈದ್ಯರು ಹೇಳಿದ ಹನಿ, ರಾತ್ರಿಯ ಮುಲಾಮು ತಪ್ಪಿಸಬಾರದು. ಒಳಪದರ ತೀರ ಕೆಟ್ಟರೆ ದಾನಿಯ ಕಣ್ಣಿನಿಂದ ಆ ಪದರವನ್ನಷ್ಟೇ ತೆಗೆದು ಕೂರಿಸುತ್ತಾರೆ. 2021ರ ಅಕ್ಟೋಬರ್ 29ರಂದು ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ನೋಟ ಕೊಟ್ಟದ್ದು ಹೀಗೆಯೇ. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಕಾರ್ನಿಯಾದ ಮೇಲ್ಪದರವನ್ನು ಇಬ್ಬರಿಗೆ, ಒಳಪದರವನ್ನು ಇನ್ನಿಬ್ಬರಿಗೆ ಜೋಡಿಸಿದರು. ಅವರ ತಂದೆ ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು.

ಒಂದು ಮಾತು ಮರೆಯಬೇಡಿ. ಈ ರೋಗವುಳ್ಳವರಿಗೆ ಮೈಮರೆಸುವ ಔಷಧ ಅಪಾಯ ತರಬಹುದು; ಹೃದಯದ ಬಡಿತವೂ ತಪ್ಪಬಹುದು. ಯಾವ ಶಸ್ತ್ರಚಿಕಿತ್ಸೆಗಾದರೂ ಮೊದಲೇ ವೈದ್ಯರಿಗೆ ತಿಳಿಸಿ, ಇಸಿಜಿ ಮಾಡಿಸಿ. ಸಂಬಂಧ ಕೂಡಿಸುವಾಗ ಮುಚ್ಚಿಡಬೇಡಿ. ನಮಗೆ ಹತ್ತಿರವೇ ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯಿದೆ. ಊರಿನ ಕಡೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ನಾಳೆ ಗಾಡಿಯಲ್ಲಿ ಯಾರದಾದರೂ ಕೈ ಬಿಡದಿದ್ದರೆ ಬೈಯುವ ಮೊದಲು ಒಂದು ಗಳಿಗೆ ತಾಳೋಣ. ನಮ್ಮ ನಮ್ಮ ಕಣ್ಣುಗಳ ದಾನಕ್ಕೂ ಮನೆಯವರ ಒಪ್ಪಿಗೆ ಪಡೆದಿಡೋಣ.