ಹಳೆಯ ಲಾರಿಯ ಗಾಲಿ ಸದ್ದು ಮಾಡಿದರೆ



ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದಲ್ಲಿ ತೊಗರಿ ರಾಶಿ ಶುರುವಾಯಿತೆಂದರೆ ಊರಿನ ಹಳೆಯ ಲಾರಿಗಳಿಗೆ ಬಿಡುವೇ ಇರುವುದಿಲ್ಲ. ತೊಗರಿ ಚೀಲ ಹೇರಿಕೊಂಡು ಕಲಬುರಗಿ ಮಾರುಕಟ್ಟೆಗೆ ಹೋಗಬೇಕು. ಉಳಿದ ದಿನಗಳಲ್ಲಿ ಶಹಾಬಾದಿನ ಫರಸಿ ಕಲ್ಲು, ವಾಡಿಯ ಸಿಮೆಂಟು ಸಾಗಿಸಬೇಕು. ಬೇಸಿಗೆಯಲ್ಲಿ ರಸ್ತೆಯ ತುಂಬ ಸುಣ್ಣಕಲ್ಲಿನ ಹುಡಿ. ಮಳೆಗಾಲದಲ್ಲಿ ಕಾಗಿಣಾ, ಮುಲ್ಲಾಮಾರಿ ತುಂಬಿದಾಗ ಹಳ್ಳಗಳಲ್ಲೂ ನೀರು. ಈ ಹುಡಿ ಮತ್ತು ನೀರು ಎರಡೂ ಗಾಲಿ ಬೇರಿಂಗಿಗೆ ವೈರಿಗಳು.

ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಇಲ್ಲದಿದ್ದರೆ ಗಾಲಿ ಕಿರುಗುಟ್ಟುತ್ತದೆ. ಆದರೂ ಬಂಡಿ ಮನೆ ಮುಟ್ಟುತ್ತದೆ. ಲಾರಿಯ ವಿಷಯ ಹಾಗಲ್ಲ. ಸದ್ದು ಕೇಳಿಯೂ ಓಡಿಸಿದರೆ ಬೇರಿಂಗ್ ಕಾದು, ರೋಲರುಗಳು ಒಡೆದು, ಗಾಲಿ ಬಿಗಿದುಕೊಳ್ಳಬಹುದು, ಕಳಚಿಯೂ ಹೋಗಬಹುದು. ಚೀಲಗಳ ಮೇಲೆ ಹಮಾಲರು ಕುಳಿತಿದ್ದರೆ ನಷ್ಟ ಮಾಲಿನದಷ್ಟೇ ಅಲ್ಲ, ಜೀವಕ್ಕೇ ಅಪಾಯ.

ಮೊದಲು ಸದ್ದು ಎಲ್ಲಿಂದ ಬರುತ್ತದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಬೇರಿಂಗಿನ ಸದ್ದು 'ಗುಂಯ್' ಎಂದು ಶುರುವಾಗಿ, ವೇಗ ಹೆಚ್ಚಿದಂತೆ ಏರುತ್ತದೆ. ಕೆಟ್ಟದ್ದು ಹೆಚ್ಚಾದಾಗ 'ಕರಕರ' ಎನ್ನುತ್ತದೆ. ಡಾಂಬರು ರಸ್ತೆಯಿಂದ ಮಣ್ಣಿನ ರಸ್ತೆಗಿಳಿದಾಗ ಸದ್ದು ಪೂರ್ತಿ ಬದಲಾದರೆ ಅದು ಟೈರಿನದು. ಎಕ್ಸಲರೇಟರ್ ಒತ್ತಿದಾಗ, ಬಿಟ್ಟಾಗ ಬದಲಾದರೆ ಗೇರ್ ಪೆಟ್ಟಿಗೆ ಅಥವಾ ಡಿಫರೆನ್ಷಿಯಲ್ ಕಡೆ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಪಟ್ಟಿ ನೋಡಬೇಕು. ಎಡಕ್ಕೆ ತಿರುಗಿಸಿದಾಗ ಭಾರ ಬಲಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಕೆಟ್ಟಿರುತ್ತದೆ. ಬಲಕ್ಕೆ ತಿರುಗಿಸಿದಾಗ ಹೆಚ್ಚಿದರೆ ಎಡಗಡೆಯದು.

ಎರಡನೆಯದು ಬಿಸಿಯ ಪರೀಕ್ಷೆ. ಬ್ರೇಕನ್ನು ಹೆಚ್ಚು ಬಳಸದೆ ಹದಿನೈದಿಪ್ಪತ್ತು ಕಿಲೋಮೀಟರು ಓಡಿಸಿ ನಿಲ್ಲಿಸಿ, ಪ್ರತಿ ಹಬ್ಬಿನ ಬಳಿ ಅಂಗೈಯ ಹಿಂಭಾಗವನ್ನು ಹಿಡಿದು ನೋಡಬೇಕು. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಅದನ್ನು ಬಿಚ್ಚಲೇಬೇಕು. ಸುಡುವ ಡ್ರಮ್ಮನ್ನು ಮುಟ್ಟಬಾರದು.

ಮೂರನೆಯದು ಜಾಕ್ ಪರೀಕ್ಷೆ. ಸಮನಾದ ಗಟ್ಟಿ ನೆಲದಲ್ಲಿ ಖಾಲಿ ಲಾರಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಗಾಲಿಯನ್ನು ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಆಸರೆ ಇಡಬೇಕು. ಜಾಕೊಂದನ್ನೇ ನಂಬಿ ಕೆಳಗೆ ನುಸುಳಬಾರದು. ಗಾಲಿಯನ್ನು ಕೈಯಿಂದ ತಿರುಗಿಸಿ ಕಿವಿಗೊಟ್ಟು ಕೇಳಬೇಕು. ಆಮೇಲೆ ಟೈರಿನ ಕೆಳಗೆ ಹಾರೆ ಕೊಟ್ಟು ಮೀಟಬೇಕು. ಗಾಲಿ ಅಲುಗಾಡಿದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಅಲುಗಾಟ ನಿಂತರೆ ದೋಷ ಬೇರಿಂಗಿನದು; ನಿಲ್ಲದಿದ್ದರೆ ಕಿಂಗ್ ಪಿನ್ ಸವೆದಿದೆ.

ಹಳೆಯ ಟಾಟಾ, ಲೇಲ್ಯಾಂಡ್ ಲಾರಿಗಳ ಹಬ್ಬಿನಲ್ಲಿ ಒಳಗೊಂದು, ಹೊರಗೊಂದು ಬೇರಿಂಗ್ ಇರುತ್ತವೆ. ಇವನ್ನು ಬಿಚ್ಚಿ, ತೊಳೆದು, ಮತ್ತೆ ಹೊಂದಿಸಬಹುದು. ಬಿಚ್ಚಿದಾಗ ಗ್ರೀಸು ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಬೆರಳಿಗೆ ಮರಳಿನಂತೆ ತಾಗಿದರೆ ಹುಡಿ ಸೇರಿದೆ. ಹಿಂದಿನ ಗಾಲಿಯಲ್ಲಿ ಎಣ್ಣೆ ಒಸರಿದ್ದರೆ ಸೀಲು ಕೆಟ್ಟಿದೆ; ಅದು ಬ್ರೇಕ್ ಪಟ್ಟಿಗೂ ತಾಗಿದ್ದೀತು. ಬೇರಿಂಗನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ತೊಳೆದು ಒಣಗಿಸಿ ನೋಡಬೇಕು. ರೋಲರಿನ ಮೇಲೆ ಗುಳಿ, ಬಿರುಕು, ಕಾದು ನೀಲಿಯಾದ ಬಣ್ಣ ಕಂಡರೆ ಹೊಸದು ಹಾಕಬೇಕು. ಒಳಗಿನ ಕೋನು, ಹೊರಗಿನ ಕಪ್ಪು ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಹಳೆಯ ಕಪ್ಪಿನಲ್ಲಿ ಹೊಸ ಬೇರಿಂಗ್ ಬಹಳ ದಿನ ಬಾಳುವುದಿಲ್ಲ. ಸೀಲನ್ನಂತೂ ಹೊಸದೇ ಹಾಕಬೇಕು.

ಗಾಲಿ ಬೇರಿಂಗಿಗೆಂದೇ ಇರುವ ಗ್ರೀಸನ್ನು ಅಂಗೈಯಲ್ಲಿಟ್ಟು, ರೋಲರುಗಳ ಸಂದಿಗಳಲ್ಲಿ ಒತ್ತಿ ತುಂಬಬೇಕು. ಹಳೆಯದರ ಮೇಲೆ ಬೇರೆ ಜಾತಿಯ ಗ್ರೀಸು ಬೆರೆಸಬಾರದು. ನಟ್ಟನ್ನು ಗಾಲಿ ತಿರುಗಿಸುತ್ತಲೇ ಬಿಗಿದು, ನಂತರ ಲಾರಿಯ ಕೈಪಿಡಿ ಹೇಳಿದಷ್ಟು ಸಡಿಲಿಸಿ ಲಾಕು ಹಾಕಬೇಕು. 'ಬಿಗಿಯಾದಷ್ಟೂ ಭದ್ರ' ಎಂಬುದು ಇಲ್ಲಿ ತಪ್ಪು. ಅತಿ ಬಿಗಿದ ಬೇರಿಂಗ್ ಸುಟ್ಟುಹೋಗುತ್ತದೆ. ಈ ಕೆಲಸವನ್ನು ಅನುಭವಿ ಮಿಸ್ತ್ರಿಯ ಕೈಯಲ್ಲೇ ಮಾಡಿಸುವುದು ಲೇಸು. ಹತ್ತು ಕಿಲೋಮೀಟರು ಓಡಿಸಿ ಹಬ್ಬಿನ ಬಿಸಿ ಮತ್ತೊಮ್ಮೆ ನೋಡಬೇಕು; ಗಾಲಿ ನಟ್ಟುಗಳನ್ನೂ ಮತ್ತೆ ಬಿಗಿಯಬೇಕು.

ಟ್ರ್ಯಾಕ್ಟರಿನ ಮುಂಗಾಲಿಗೂ ಟ್ರೇಲರಿಗೂ ಇದೇ ಜಾಗ್ರತೆ ಬೇಕು. ಮಳೆಗಾಲ ಮುಗಿದು ದೀಪಾವಳಿ ಕಳೆದೊಡನೆ, ರಾಶಿಗೆ ಮೊದಲೇ, ಒಂದು ದಿನ ಗಾಲಿ ಬಿಚ್ಚಿ ನೋಡಿಸಿದರೆ ಮಾಲು, ಜನ, ಲಾರಿ ಮೂರೂ ಸುರಕ್ಷಿತವಾಗಿ ಮಾರುಕಟ್ಟೆ ಮುಟ್ಟುತ್ತವೆ.