ನಮ್ಮೂರ ಆಡಳಿತವನ್ನು ಓದುವುದು ಹೇಗೆ?

ನಾನು ಓದಿದ್ದು ವಿಜ್ಞಾನ, ಮಾಡುತ್ತಿರುವ ಕೆಲಸ ದೂರದರ್ಶನದ್ದು. ರಾಜ್ಯಶಾಸ್ತ್ರದ ಪಾಠ ಹೇಳುವ ಅಧಿಕಾರ ನನಗಿಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಸ್ಥಳೀಯ ಆಡಳಿತವನ್ನು ಕುರಿತ ಕಾರ್ಯಕ್ರಮಕ್ಕಾಗಿ ನಮ್ಮ ತಂಡ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಓಡಾಡಿತು. ಒಂದು ಊರಿನ ಗ್ರಾಮಸಭೆಯನ್ನು ಪೂರ್ತಿಯಾಗಿ ಚಿತ್ರೀಕರಿಸಿದೆವು. ಅಧ್ಯಕ್ಷರು ಬಂದಿದ್ದರು, ಅಧಿಕಾರಿಗಳಿದ್ದರು, ಹಾಜರಿ ಪುಸ್ತಕಕ್ಕೆ ರುಜು ಬಿತ್ತು, ಹಿಂದಿನ ನಡಾವಳಿ ಓದಿದರು, ಫಲಾನುಭವಿಗಳ ಪಟ್ಟಿ ಅಂಗೀಕಾರವಾಯಿತು. ಎಲ್ಲವೂ ಕಾನೂನಿನ ಪ್ರಕಾರ. ನಾವು ಸಾಮಾನು ಕಟ್ಟುತ್ತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು, "ಸಭೆ ಚೆನ್ನಾಗಾಯ್ತು ತಮ್ಮಾ. ನಮ್ಮ ಹಳ್ಳದ ಸಂಕದ ಸುದ್ದಿ ಮಾತ್ರ ಯಾರೂ ಎತ್ಲೇ ಇಲ್ಲ" ಎಂದರು.

ಮಲೆನಾಡಿನವರಿಗೆ ಸಂಕ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಹಾಸಿ ಮಾಡಿದ ಕಾಲುಹಾದಿ ಅದು. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಅದರ ಮೇಲೆಯೇ ದಾಟಬೇಕು, ಕೆಳಗೆ ಕೆಂಪು ನೀರು ಭೋರ್ಗರೆಯುತ್ತಿರುತ್ತದೆ. "ನೀವೇ ಎದ್ದು ಕೇಳಬಹುದಿತ್ತಲ್ಲ ಅಮ್ಮಾ?" ಎಂದೆ. "ಸಂಕದ ದಾರಿ ಅವರ ತೋಟದ ಬದಿಗೇ ಹೋಗ್ಬೇಕು. ನಾವು ಕೆಲಸಕ್ಕೆ ಹೋಗೋದೂ ಅವರ ಮನೆಗೇ. ಹ್ಯಾಂಗೆ ಕೇಳೋದು?" ಎಂದು ಅವರು ನಡೆದೇಬಿಟ್ಟರು. ನಮ್ಮ ಕಾರ್ಯಕ್ರಮ ಪ್ರಸಾರವಾಯಿತು. ಅದರಲ್ಲಿ ಸಭೆಯಿತ್ತು, ಆಕೆಯ ಮಾತು ಇರಲಿಲ್ಲ, ಏಕೆಂದರೆ ಕ್ಯಾಮೆರಾವನ್ನು ನಾವು ಆಗಲೇ ಮುಚ್ಚಿದ್ದೆವು.

ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆಯನ್ನು ನೋಡಿದ್ದೀರಲ್ಲವೇ? ಬಣ್ಣ ಹಾಕದಿದ್ದರೆ ಕೋಶದ ಕೇಂದ್ರ ಸರಿಯಾಗಿ ಕಾಣದು. ಇರುವ ವಸ್ತು ಒಂದೇ, ಆದರೆ ನೋಡುವ ವಿಧಾನಕ್ಕೆ ತಕ್ಕಂತೆ ಕಾಣುವುದು ಬೇರೆ. ಸ್ಥಳೀಯ ಆಡಳಿತದ ಅಧ್ಯಯನದಲ್ಲಿ ಸಿದ್ಧಾಂತಗಳು ಮಾಡುವ ಕೆಲಸವೂ ಇದೇ. ಅಂಥ ನಾಲ್ಕು ವಿಧಾನಗಳನ್ನು ಈ ಮೂರು ತಾಲ್ಲೂಕುಗಳ ಮೇಲೆಯೇ ಇಟ್ಟು ನೋಡೋಣ.

ಮೊದಲನೆಯದು ಕಾನೂನು ಮತ್ತು ಸಂಸ್ಥೆಗಳ ವಿಧಾನ. ಯಾವ ಕಾಯಿದೆ, ಎಷ್ಟು ಸದಸ್ಯರು, ಯಾವ ಅಧಿಕಾರ ಎಂದು ಇದು ಕೇಳುತ್ತದೆ. ಕರ್ನಾಟಕಕ್ಕೆ ಇಲ್ಲಿ ಹೆಮ್ಮೆಯ ಚರಿತ್ರೆಯಿದೆ. ಅಬ್ದುಲ್ ನಜೀರ್ ಸಾಬ್ ಅವರು ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಶೇಕಡಾ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಸಂವಿಧಾನದ 73ನೆಯ ತಿದ್ದುಪಡಿಯ ನಂತರ 1993ರ ಪಂಚಾಯತ್ ರಾಜ್ ಕಾಯಿದೆ ಬಂತು. ಸಾಮಾನ್ಯವಾಗಿ ಒಂದು ಗ್ರಾಮ ಪಂಚಾಯಿತಿಗೆ 5000ದಿಂದ 7000 ಜನಸಂಖ್ಯೆ ಇರಬೇಕೆಂದ ಆ ಕಾಯಿದೆ, ಶಿವಮೊಗ್ಗದಂಥ ಮಲೆನಾಡಿನ ಜಿಲ್ಲೆಗಳಲ್ಲಿ 2500 ಜನರಿದ್ದರೂ ಸಾಕೆಂದು ರಿಯಾಯಿತಿ ಕೊಟ್ಟಿತು. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ತೋಟ ಇರುವ ನಾಡಿನ ಭೂಗೋಳವನ್ನು ಕಾನೂನು ಗಮನಿಸಿದ ಬಗೆ ಇದು. ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿಯಿದೆ. ರಸ್ತೆ, ಮೋರಿ, ಸೇತುವೆ, ದೋಣಿ ಕಡವುಗಳು ಅದರಲ್ಲಿವೆ. ಅಂದರೆ ಕಾಗದದ ಮೇಲೆ ಆ ಅಜ್ಜಿಯ ಸಂಕಕ್ಕೆ ಸಂವಿಧಾನದಲ್ಲೇ ಜಾಗವಿದೆ. ಆದರೂ ಅದು ಸಭೆಗೆ ಬರಲಿಲ್ಲ. ಏಕೆ ಬರಲಿಲ್ಲವೆಂದು ಈ ವಿಧಾನ ಹೇಳಲಾರದು.

ಎರಡನೆಯದು ಚರಿತ್ರೆಯ ವಿಧಾನ. 1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಹಳ್ಳಿಗಳನ್ನು ಸ್ವಯಂಪೂರ್ಣವಾದ ಪುಟ್ಟ ಗಣರಾಜ್ಯಗಳೆಂದು ಬಣ್ಣಿಸಿದರು. ಈಗ ನಮ್ಮ ತಾಲ್ಲೂಕುಗಳನ್ನು ನೋಡಿ. ತೀರ್ಥಹಳ್ಳಿಯ ಬಳಿಯ ಆರಗ ವಿಜಯನಗರದ ಕಾಲದಲ್ಲಿ ಒಂದು ಪ್ರಾಂತ್ಯದ ರಾಜಧಾನಿ. ಸಾಗರದ ಕೆಳದಿ, ಇಕ್ಕೇರಿಗಳಿಂದ ಆಳಿದ ನಾಯಕರು ಮುಂದೆ ಹೊಸನಗರದ ಬಿದನೂರಿಗೆ ಬಂದರು. 17ನೆಯ ಶತಮಾನದ ಶಿವಪ್ಪನಾಯಕ ಜಮೀನಿನ ಗುಣ ನೋಡಿ ಕಂದಾಯ ಗೊತ್ತುಮಾಡಿದ ಪದ್ಧತಿ 'ಶಿಸ್ತು' ಎಂದೇ ಹೆಸರಾಯಿತು. ಇಷ್ಟೆಲ್ಲ ಲೆಕ್ಕಪತ್ರದೊಳಗೆ ಬಂದ ಹಳ್ಳಿ ಸ್ವಯಂಪೂರ್ಣ ಹೇಗಾದೀತು? ಮೆಟ್‌ಕಾಫ್ ಬರೆದ ಅದೇ 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಭಾರಕ್ಕೂ ಅಧಿಕಾರಿಗಳ ದಬ್ಬಾಳಿಕೆಗೂ ಬೇಸತ್ತು ಕೂಟ ಸೇರಿ ದಂಗೆಯೆದ್ದರು. ಮರುವರ್ಷ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಹಳ್ಳಿಗರ ಕೂಟವೊಂದು ರಾಜ್ಯದ ಆಡಳಿತವನ್ನೇ ಅಲುಗಿಸಿತ್ತು. ಮೆಟ್‌ಕಾಫರ ವರ್ಣನೆಯನ್ನು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಉಲ್ಲೇಖಿಸಿ, ಹಳ್ಳಿಯನ್ನು ಆದರ್ಶವಾಗಿ ಕಾಣುವುದನ್ನು ನಿಷ್ಠುರವಾಗಿ ನಿರಾಕರಿಸಿದವರು ಡಾ. ಅಂಬೇಡ್ಕರ್. ಗಾಂಧೀಜಿಯವರ ಗ್ರಾಮಸ್ವರಾಜ್ಯ ಒಂದು ಕಡೆ, ಹಳ್ಳಿಯಲ್ಲಿ ಜಾತಿಯ ಪೆಟ್ಟು ತಿಂದವರ ಅನುಭವ ಇನ್ನೊಂದು ಕಡೆ. ಈ ಎರಡನ್ನೂ ತೂಗಿ ನೋಡದೆ ಪಂಚಾಯಿತಿಯ ಬಗ್ಗೆ ಮಾತನಾಡಲಾಗದು.

ಮೂರನೆಯದು ಅಧಿಕಾರ ನಿಜವಾಗಿ ಯಾರ ಕೈಯಲ್ಲಿದೆ ಎಂದು ಹುಡುಕುವ ವಿಧಾನ. ಅಮೆರಿಕೆಯಲ್ಲಿ ಫ್ಲಾಯ್ಡ್ ಹಂಟರ್ 1953ರಲ್ಲಿ ಅಟ್ಲಾಂಟಾ ನಗರವನ್ನು ಅಭ್ಯಸಿಸಿ, ತೆರೆಯ ಹಿಂದಿನ ಕೆಲವೇ ಗಣ್ಯರು ನಿರ್ಧರಿಸುತ್ತಾರೆ ಎಂದರು. ರಾಬರ್ಟ್ ಡಾಲ್ 1961ರಲ್ಲಿ ನ್ಯೂ ಹೇವನ್ ನಗರವನ್ನು ನೋಡಿ, ಹಾಗಲ್ಲ, ಬೇರೆ ಬೇರೆ ವಿಷಯಕ್ಕೆ ಬೇರೆ ಬೇರೆ ಗುಂಪುಗಳ ಮಾತು ನಡೆಯುತ್ತದೆ ಎಂದು ವಾದಿಸಿದರು. ನಮ್ಮಲ್ಲಿ ಎಂ. ಎನ್. ಶ್ರೀನಿವಾಸ್ ಅವರು 'ಪ್ರಬಲ ಜಾತಿ' ಎಂಬ ಕಲ್ಪನೆ ಕೊಟ್ಟರು: ಜಮೀನು, ಸಂಖ್ಯೆ, ಜಾತಿಯ ಸ್ಥಾನಮಾನ ಸೇರಿದಲ್ಲಿ ಅಧಿಕಾರ ನೆಲೆಸುತ್ತದೆ. 1950ರ ದಶಕದಲ್ಲಿ ಎಡ್ವರ್ಡ್ ಹಾರ್ಪರ್ ಎಂಬ ಅಮೆರಿಕೆಯ ವಿದ್ವಾಂಸರು ಇದೇ ಜಿಲ್ಲೆಯ ಮಲೆನಾಡಿನಲ್ಲಿ, ತಾವು 'ತೋಟಗದ್ದೆ' ಎಂದು ಕರೆದ ಹಳ್ಳಿಯಲ್ಲಿ ಅಧ್ಯಯನ ನಡೆಸಿದರು. ಅಡಿಕೆಯಂಥ ಹಣದ ಬೆಳೆಯಿರುವ ಈ ಸೀಮೆಯಲ್ಲಿ ಕೆಲಸ, ಕೂಲಿಗಳ ಸಂಬಂಧ ಬಯಲುಸೀಮೆಯ ಆಯದ ಪದ್ಧತಿಯಂತಿಲ್ಲ, ನಗದಿನ ಮೇಲೆ ಹೆಚ್ಚು ನಿಂತಿದೆ ಎಂಬುದನ್ನು 1959ರಲ್ಲಿ ಬರೆದರು.

ಅದೇ ಕಾಲದ ಕಾಗೋಡನ್ನು ಮರೆಯುವಂತಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ಪ್ರಶ್ನೆ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಹೋದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿತು. ನಿನ್ನೆಯ ಗೇಣಿದಾರ ಇಂದು ಪಂಚಾಯಿತಿಯ ಕುರ್ಚಿಯಲ್ಲಿ ಕುಳಿತಿದ್ದರೆ, ಅದರ ಹಿಂದೆ ಪಂಚಾಯಿತಿ ಕಾಯಿದೆಯಷ್ಟೇ ಇಲ್ಲ, ಆ ಕೊಳಗವೂ ಇದೆ.

ನಾಲ್ಕನೆಯದು ಮೂರನೆಯದರಿಂದಲೇ ಹುಟ್ಟಿದ್ದು. 1962ರಲ್ಲಿ ಬಾಕ್ರಾಕ್ ಮತ್ತು ಬಾರಾಟ್ಜ್ ಎಂಬ ಇಬ್ಬರು, ಅಧಿಕಾರಕ್ಕೆ ಎರಡು ಮುಖಗಳಿವೆ ಎಂದರು. ಸಭೆಯಲ್ಲಿ ಗೆಲ್ಲುವುದು ಒಂದು ಮುಖ. ಕೆಲವು ವಿಷಯಗಳು ಸಭೆಯ ಬಾಗಿಲಿಗೇ ಬಾರದಂತೆ ಆಗುವುದು ಇನ್ನೊಂದು. ಯಾರೂ ಬೆದರಿಸಬೇಕಾಗಿಲ್ಲ, ಗದ್ದಲವಾಗಬೇಕಾಗಿಲ್ಲ. ನಾಳೆ ಕೂಲಿಗೆ ಕರೆಯದಿದ್ದರೆ ಎಂಬ ಅಂಜಿಕೆ ಸಾಕು. ಇದನ್ನು ಓದಿದಾಗ ನನಗೆ ಆ ಅಜ್ಜಿಯ "ಹ್ಯಾಂಗೆ ಕೇಳೋದು?" ಎಂಬ ಮಾತು ಕಿವಿಯಲ್ಲಿ ಮೊಳಗಿತು. ನಾನು ನಡೆದದ್ದನ್ನು ಮಾತ್ರ ಚಿತ್ರೀಕರಿಸಿದ್ದೆ. ನಡೆಯದೇ ಹೋದದ್ದೂ ಒಂದು ಸಂಗತಿ ಎಂಬುದು ಆಗ ಹೊಳೆಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಎಲ್ಲ ಬೀಗಗಳೂ ಹಳ್ಳಿಯೊಳಗೇ ಇರುವುದಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳನ್ನು ಮುಳುಗಿಸಿತು. ತುಮರಿ ಕಡೆಯ ಜನ ದಶಕಗಳ ಕಾಲ ಲಾಂಚಿನಲ್ಲೇ ದಾಟಿದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರಲ್ಲಿ. ಇಂಥ ಸೇತುವೆ ಯಾವ ಗ್ರಾಮ ಪಂಚಾಯಿತಿಯ ಅಳವಿಗೂ ಮೀರಿದ್ದು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿ, ಜಿಲ್ಲೆ, ಪ್ರಾಂತ, ಕೇಂದ್ರ ಎಂಬ ನಾಲ್ಕು ಕಂಬಗಳ ರಾಜ್ಯವನ್ನು ಲೋಹಿಯಾ ಪ್ರತಿಪಾದಿಸಿದ್ದರು. ನಡುವಿನ ಕಂಬ ಕಳಚಿದರೆ ಹಳ್ಳಿಯ ಮಾತನ್ನು ಮೇಲಕ್ಕೆ ಒಯ್ಯುವವರು ಯಾರು?

ಹಾಗಾದರೆ ಯಾವ ವಿಧಾನ ಸರಿ? ಕಾಯಿದೆ ಓದದವನಿಗೆ ಹಕ್ಕು ಗೊತ್ತಾಗದು, ಚರಿತ್ರೆ ಓದದವನಿಗೆ ಹಕ್ಕು ಬಂದ ದಾರಿ ಗೊತ್ತಾಗದು, ಅಧಿಕಾರದ ಜಾಡು ಹಿಡಿಯದವನಿಗೆ ಹಕ್ಕು ಎಲ್ಲಿ ನಿಂತುಹೋಯಿತೆಂಬುದು ಗೊತ್ತಾಗದು. ನಾಲ್ಕೂ ಬೇಕು, ಒಂದಾದ ಮೇಲೆ ಒಂದು.

ನಿಮಗೊಂದು ಪ್ರಯೋಗ ಹೇಳಿ ಮುಗಿಸುತ್ತೇನೆ. ಮುಂದಿನ ಗ್ರಾಮಸಭೆಗೆ ಹೋಗಿ. ಯಾವ ಯಾವ ವಿಷಯ ಬಂತು, ಯಾರು ಮಾತನಾಡಿದರು, ಏನು ತೀರ್ಮಾನವಾಯಿತು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಮರುದಿನ ಸಭೆಯಲ್ಲಿ ಬಾಯಿ ತೆರೆಯದ ಮೂರು ಮನೆಗಳಿಗೆ ಹೋಗಿ, ಅವರಿಗೆ ಏನು ಬೇಕಿತ್ತೆಂದು ಕೇಳಿ ಇನ್ನೊಂದು ಹಾಳೆಯಲ್ಲಿ ಬರೆಯಿರಿ. ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅವುಗಳ ನಡುವೆ ಕಾಣುವ ಅಂತರವೇ ನಿಮ್ಮ ಅಧ್ಯಯನದ ವಿಷಯ. ಅಲ್ಲಿಗೂ ಒಂದು ಸಂಕ ಬೇಕಾಗಿದೆ.